ಹೊಗೆಯ ದರ್ಜೆ

ಮಾಗಿಯ ಒಂದು ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ ಆರ್‌ಟಿಒ ಕಚೇರಿಯಲ್ಲಿ ಶುರುವಾದದ್ದು ಇದು. ನನ್ನ ಬಾಡಿಗೆ ಕಾರಿನ ಹೊಗೆಯ ದರ್ಜೆ ಬಿಎಸ್ ನಾಲ್ಕು; ಆರ್‌ಸಿಯಲ್ಲಿ ಮೂರು ಎಂದು ತಪ್ಪಾಗಿ ಬರೆದಿದ್ದರು. ಮೂರರ ಗಾಡಿಗೆ ಪೇಟೆಯಲ್ಲಿ ನಿಷೇಧ; ತಿದ್ದಿಸದೆ ಬಾಡಿಗೆ ಹೊಡೆಯುವಂತಿರಲಿಲ್ಲ.

"ಕಣ್ಣಾರೆ ಕಂಡದ್ದು ಮಾತ್ರ ಬರೆಯೋದು ನಾನು. ಕಾರು ಒಳಗೆ ತನ್ನಿ," ಎಂದರು ಗುಮಾಸ್ತರು.

"ಬಿಎಸ್ ಮೂರು ಒಳಗೆ ಓಡಿಸಂಗಿಲ್ಲ," ಎಂದ ಗೇಟಿನವನು.

"ಅದನ್ನೇ ತಿದ್ದಿಸಕ್ಕೆ ಬಂದಿರೋದು ಕಣಪ್ಪ!"

"ತಿದ್ದಿಸ್ಕೊಂಡು ಬಾ ಯಜಮಾನ, ಬ್ಯಾಡ ಅಂದೋರ್ಯಾರು?"

ಮೂರು ದಿನ ಇದೇ ಆಯಿತು. ಕೊನೆಗೆ ಎಂಜಿನ್ ಆರಿಸಿ, ನೆಂಟ ಚನ್ನಬೋರಯ್ಯನ ಜೋಡೆತ್ತು ಕಟ್ಟಿ ಕಾರನ್ನು ಎಳೆಸಿದೆ. "ಹೊಗೇನೇ ಇಲ್ವಲ್ಲ," ಎಂದು ಗೇಟಿನವನು ಬಾಗಿಲು ತೆಗೆದ.

ಗುಮಾಸ್ತರು ಹೊರಗೆ ಬಂದು, ಕಾರನ್ನೂ ಎತ್ತುಗಳನ್ನೂ ಒಂದು ಸುತ್ತು ಹಾಕಿ ನೋಡಿ, ಬರೆದುಕೊಂಡರು.

ಗುರುವಾರ ಸಂಜೆ ನಾನು ತಿದ್ದಿದ ಆರ್‌ಸಿ ಹಿಡಿದು ಹೊರಟೆ. ಹೊಗೆಯ ದರ್ಜೆ: ಇಲ್ಲ. ಇಂಧನ: ಹುಲ್ಲು.