ಅಕ್ಕನ ತೋಳು

ಕಿಡ್ನಿ ಕೆಟ್ಟವರ ರಕ್ತವನ್ನು ಮನೆಯವರೊಬ್ಬರ ಮೈಯೊಳಗೆ ಹಾಯಿಸಿ ತೊಳೆಯುತ್ತಿದ್ದ, ಡಯಾಲಿಸಿಸ್ ಯಂತ್ರವೇ ಹುಟ್ಟದ ಲೋಕ ಅದು. ಕಿಡ್ನಿ ಕೆಟ್ಟ ಕಸ್ತೂರಿಗೆ ರಕ್ತದಿಂದ ಹತ್ತುವ ಹೆಪಟೈಟಿಸ್ ಸಿ ಸೋಂಕೂ ಇದ್ದುದರಿಂದ ಗಂಡ ಸಹ ತೋಳು ಕೊಡಲಿಲ್ಲ. ಅದೇ ಸೋಂಕಿದ್ದ ಅಕ್ಕ ಪಾರವ್ವ ಮಾತ್ರ ವಾರವಾರ ಬಂದು, ಪಕ್ಕದ ಮಂಚದಲ್ಲಿ ಮಲಗಿ ನಳಿಕೆ ಚುಚ್ಚಿಸಿಕೊಳ್ಳುತ್ತಿದ್ದಳು.

ಆಮೇಲೆ ಸೋಂಕಿಗೆ ಗುಳಿಗೆ ಬಂತು. ಕಿಡ್ನಿ ನೆಟ್ಟಗಿದ್ದವರಿಗಷ್ಟೇ ಆಗಿಬರುವ ಗುಳಿಗೆ. "ನೀನರ ಆರಾಮಾಗಕ್ಕಾ," ಎಂದು ಕಸ್ತೂರಿಯೇ ಒತ್ತಾಯಿಸಿ ನುಂಗಿಸಿದ್ದಳು.

ಗುಣವಾದ ಪಾರವ್ವ ಇವತ್ತು ಬಂದವಳು ಮಂಚ ಹತ್ತಲಿಲ್ಲ. ಸೆರಗಿನಲ್ಲಿ ತೋಳು ಮುಚ್ಚಿಕೊಂಡು ನಿಂತಳು.

"ಮತ್ತ ಹತ್ಕೊಂಡ್ರ ಏನ್ ಮಾಡ್ಲಿ? ಮೊಮ್ಮಗನ್ನ ಈಗಷ್ಟ ನನ್ನ ಕೈಗೆ ಕೊಡಾಕತ್ತಾರ."

"ನೀ ಮಲಗಲಿಲ್ಲಂದ್ರ ನಾ ಉಳಿಯಂಗಿಲ್ಲಕ್ಕಾ."

ಪಾರವ್ವ ಸೆರಗು ಸರಿಸಲಿಲ್ಲ.

ನಳಿಕೆಗೆಂದು ಚಾಚಿದ್ದ ತನ್ನ ತೋಳನ್ನು ಕಸ್ತೂರಿ ಹಿಂದಕ್ಕೆಳೆದುಕೊಂಡಳು. "ಹೋಗು," ಎಂದಳು, "ಕೂಸು ಎದ್ದಿರ್ತೈತಿ."