ಏಳನೇ ಮನೆಯ ಗುಣಾಕಾರ

“ಆರು ಮನೆ ಅಂದ್ರೆ ಆರೇ ಮನೆ. ಏಳನೇದು ಬ್ಯಾಡ,” ಎಂದು ಲಕ್ಕಪ್ಪ ಕಾಫಿ ಕಣದ ಮೇಲೆ ಕುಕ್ಕೆ ಕುಕ್ಕಿದ.

ಕಣದ ಅಂಚಿನಲ್ಲಿ ನಿಂತಿದ್ದ ಗುರುಶಾಂತಮ್ಮನಿಗೆ ಗಂಡ ಹೋದ ಮೇಲೆ ಇದು ಮೊದಲ ಕುಯ್ಲು. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರತೊಡಗಿತ್ತು. ಮುಯ್ಯಾಳಿಗೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ಬಂದಿದ್ದಳು. ಇವತ್ತು ಎಲ್ಲರೂ ಒಬ್ಬರ ತೋಟಕ್ಕೆ, ನಾಳೆ ಎಲ್ಲರೂ ಇನ್ನೊಬ್ಬರ ತೋಟಕ್ಕೆ. ಕೂಲಿಯಿಲ್ಲ, ಸರದಿ ಅಷ್ಟೇ.

“ಮನೆಗಿಬ್ರು ಬರ್ತಾರೆ. ನೀನು ಒಬ್ಳು. ಸರಿಹೋಗಲ್ಲ ಕಣಮ್ಮ.”

ಅವಳು ಸೆರಗು ಸುತ್ತಿಕೊಂಡು ಹೋದಳು.

ಹಾಸನದಲ್ಲಿ ಬಿ.ಎಸ್ಸಿ. ಓದುವ ಲಕ್ಕಪ್ಪನ ಮಗಳು ಸೌಜನ್ಯ ರಜಕ್ಕೆ ಬಂದಾಗಲೆಲ್ಲ ಯಾರದಾದರೂ ದನಿ ಕದ್ದು ತರುತ್ತಿದ್ದಳು. ಈಗ ಮೂಗು ಹಿಡಿದು ಗಣಿತದ ಮೇಷ್ಟ್ರಾದಳು: “ಏಯ್ ಲಕ್ಕಪ್ಪಾ! ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು! ಒತ್ತು!”

ಲಕ್ಕಪ್ಪ ನಗು ನುಂಗಿ, ಬಿಸಿಲಿಗೆ ಹಿಡಿದರಷ್ಟೇ ಎಚ್ಚರಾಗುವ ತನ್ನ ಕ್ಯಾಲ್ಕುಲೇಟರ್ ತೆಗೆದ. 142857. ಎರಡರಿಂದ ಗುಣಿಸಿದ: 285714. ಮೂರರಿಂದ: 428571. ಅವೇ ಆರು ಅಂಕಿ, ಅದೇ ಸಾಲು, ಮುಂದೆ ನಿಲ್ಲುವವನು ಮಾತ್ರ ಬೇರೆ. ಆರರವರೆಗೂ ಹಾಗೇ.

“ಅಲೆಲೆ! ಇದು ಮುಯ್ಯಾಳೇ ಅಲ್ವೇನೇ? ಅವರೇ ಆರು ಜನ, ದಿನಾ ಒಬ್ಬೊಬ್ರು ಯಜಮಾನ್ರು!”

“ಈಗ ಏಳರಿಂದ ಗುಣಿಸಪ್ಪ.”

999999.

“ಏಳನೇದು ಸೇರ್ತು, ಎಲ್ಲಾ ಸಮ ಆದ್ರು.” ಈ ಸಲ ದನಿ ಯಾರದೂ ಅಲ್ಲ, ಅವಳದೇ.

“ಅಂಕಿಗೆ ಸೊಂಟ ನೋಯಲ್ಲ ಕಣವ್ವ.”

“ನನಗೆ ಸೊಂಟ ಐತಲ್ಲ. ಅವರ ಮನೆ ಎರಡನೇ ಆಳು ನಾನು.”

ಲಕ್ಕಪ್ಪ ಗೊಣಗುತ್ತ ಎದ್ದುಹೋದ. ಮಗಳ ಮುಂದೆ ಸೋಲುವುದೆಂದರೆ ಅವನಿಗೆ ಒಳಗೊಳಗೇ ಖುಷಿ, ಆದರೆ ಹಟಕ್ಕೆ ಹಟ. ಬಚ್ಚಲ ಹಿಂದೆ ನಿಂತು ಎಂಟರಿಂದ ಗುಣಿಸಿ, ಕಳ್ಳನನ್ನು ಹಿಡಿದವನಂತೆ ಓಡಿಬಂದ: “ನೋಡು, ಕೆಟ್ಟೋಯ್ತು ನಿನ್ ಲೆಕ್ಕ! 1142856! ಕೊನೇಲಿದ್ದ ಏಳು ಎಲ್ಲೋಯ್ತು?”

“ಎಲ್ಲೂ ಹೋಗಿಲ್ಲ ಕಣಪ್ಪ. ಒಂದು ಮುಂದಕ್ಕೆ ಹೋಗೈತೆ. ಆರು ಹಿಂದೆ ನಿಂತೈತೆ. ಕೂಡಿ ನೋಡು, ಏಳೇ.”

ಲಕ್ಕಪ್ಪ ಮತ್ತೆ ನೋಡಿದ. ಇನ್ನೊಮ್ಮೆ ನೋಡುವಷ್ಟರಲ್ಲಿ ಮೋಡ ಬಂದು ಕ್ಯಾಲ್ಕುಲೇಟರಿಗೆ ನಿದ್ದೆ ಬಂತು.

ಮರುದಿನ ಬೆಳಗ್ಗೆ ಗುರುಶಾಂತಮ್ಮನ ತೋಟದ ದಿಬ್ಬದಲ್ಲಿ ದಟ್ಟ ಮಂಜು. ಕಾಲುದಾರಿಯಲ್ಲಿ ಇಬ್ಬರು ಜೊತೆಗೆ ನಡೆಯುವಷ್ಟು ಜಾಗವಿಲ್ಲ. ಸೊಂಟಕ್ಕೆ ಕುಕ್ಕೆ ಕಟ್ಟಿಕೊಂಡು ಅವಳು ಮುಂದೆ, ಅವಳ ಬೆನ್ನಿಗೇ ಸೌಜನ್ಯ, ಹಿಂದೆ ಆರು ಮನೆಯವರು.

“ಏಯ್, ಯಾರೂ ಸಾಲು ಕೆಡಿಸ್ಬ್ಯಾಡ್ರೀ!” ಮಂಜಿನೊಳಗಿಂದ ಗಣಿತದ ಮೇಷ್ಟ್ರು ಕೂಗಿದರು.

ಸೌಜನ್ಯ ತಿರುಗಿ ನೋಡಿದಳು. ಸಾಲಿನ ಕೊನೆಯಲ್ಲಿ ಅಪ್ಪ ಮೂಗು ಹಿಡಿದುಕೊಂಡಿದ್ದ.