ವಿಶ್ರಾಂತಿ ವರ್ಷ

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ನನಗಿದೆ. ನಮ್ಮ ದ್ವೀಪದ ಪ್ರಧಾನಿ ಎಲೀಸಾ ಫಾಟು ಈಗಿಲ್ಲ, ಲೋಸಳೂ ಇಲ್ಲ. ಹಾಗಾಗಿ ಧೈರ್ಯ ಮಾಡುತ್ತಿದ್ದೇನೆ. ಎಲ್ಲಾದರೂ ತಪ್ಪಿದರೆ ಮನ್ನಿಸಬೇಕು.

ಲೋಸ ಸುಣ್ಣದ ಬಕೆಟ್ಟು ಹಿಡಿದು ಮೂಡಣ ದಂಡೆಯ ದಾರಿಗೆ ಬಂದಾಗ ಪೇದೆ ಪೆನಿ ಕೈ ಅಡ್ಡ ಹಿಡಿದ. ಅವನು ದಂಡೆಗೆ ಬೆನ್ನು ಮಾಡಿ ನಿಂತಿದ್ದ. ಹಾಗೆಯೇ ನಿಲ್ಲಬೇಕೆಂಬುದು ಆಜ್ಞೆ. ವಿಶ್ರಮಿಸುವ ನೆಲವನ್ನು ದಿಟ್ಟಿಸಬಾರದಂತೆ.

"ಅಕ್ಕಾ, ಎಷ್ಟು ಸಲ ಹೇಳ್ಲಿ? ವಾಪಸ್ ಹೋಗು."

"ನಾಳಿದ್ದು ಮಕ್ಕಳ ಭಾನುವಾರ ಕಣೋ. ನನ್ನ ಮಗಳ ಗೋರಿಗೆ ಸುಣ್ಣ ಬಳೀಬೇಕು. ಸುಮ್ನೆ ಬಿಡು."

"ಬಿಟ್ರೆ ನನ್ನ ಕೆಲಸ ಹೋಗತ್ತೆ."

"ಹೋಗ್ಲಿ ಬಿಡು. ಸುಮ್ನೆ ನಿಂತ್ಕೊಳ್ಳೋ ಕೆಲಸಕ್ಕೆ ಒಂದು ತೆಂಗಿನ ಮರ ಸಾಲದಾ?"

ಪೆನಿ ನಕ್ಕ. ಕೈ ಮಾತ್ರ ಇಳಿಸಲಿಲ್ಲ.

ದಂಡೆಯ ತುದಿಯಲ್ಲಿ, ಕೇದಗೆ ಪೊದೆಗಳ ಆಚೆ, ಊರಿನ ಹಳೆಯ ಸ್ಮಶಾನ. ಜ್ವರದಿಂದ ತೀರಿಕೊಂಡ ಪುಟ್ಟ ಸೀನಾಳನ್ನು ಲೋಸ ಅಲ್ಲೇ ಮಣ್ಣು ಮಾಡಿದ್ದಳು. ಮಕ್ಕಳ ಭಾನುವಾರದ ಮುಂಚೆ ಗೋರಿಗೆ ಹವಳದ ಸುಣ್ಣ ಬಳಿಯದ ತಾಯಿ ನಮ್ಮ ದ್ವೀಪದಲ್ಲಿಲ್ಲ. ಬದುಕಿರುವ ಮಕ್ಕಳೆಲ್ಲ ಅಂದು ಬಿಳಿ ಬಟ್ಟೆ ತೊಡುತ್ತವೆ. ಸತ್ತ ಮಗುವಿಗೆ ಸುಣ್ಣವೇ ಹೊಸ ಬಟ್ಟೆ.

ಆದರೆ ಆ ವರ್ಷ ಆಜ್ಞೆ ಬಂದಿತ್ತು. ಬಿರುಗಾಳಿಗೆ ಹೆದರಿ ಗುಡ್ಡದ ಇಗರ್ಜಿ ಸೇರಿದ್ದ ಜನರೆಲ್ಲ ಒಬ್ಬರೂ ಸಾಯದೆ ಉಳಿದಿದ್ದರು. ಜನ ಕೆಳಗಿಳಿಯುವ ಮುಂಚೆ, ನಸುಕಿನಲ್ಲಿ ಒಬ್ಬರೇ ಕೆಳಗೆ ಹೋಗಿಬಂದಿದ್ದ ಪ್ರಧಾನಿ ಅಲ್ಲೇ ಬೋಧಪೀಠ ಹತ್ತಿದರು. ಅವರು ಇಗರ್ಜಿಯ ಡೀಕನ್ನರೂ, ಅಂದರೆ ಪಾದ್ರಿಗೆ ನೆರವಾಗುವ ಹಿರಿಯರೂ, ಹೌದು. ನೆಲಕ್ಕೆ ವಿಶ್ರಾಂತಿ ಕೊಡಿರೆಂದು ಬೈಬಲಿನಲ್ಲಿ ಮೋಶೆಗೆ ಹೇಳಿದ ದೇವರು ನಮಗೂ ಹೇಳಿದ್ದಾನೆ ಎಂದರು. ಈ ಕೃಪೆಗೆ ಕೃತಜ್ಞತೆಯಾಗಿ ಮೂಡಣ ದಂಡೆಗೆ ಒಂದು ವರ್ಷ ಯಾರೂ ಕಾಲಿಡಬಾರದು, ದೋಣಿಯೂ ಸುಳಿಯಬಾರದು. ಇನ್ನು ಮುಂದೆ ಸತ್ತವರನ್ನೆಲ್ಲ ಗುಡ್ಡದ ಮೇಲೆ, ಸ್ವರ್ಗಕ್ಕೆ ಹತ್ತಿರದಲ್ಲಿ, ಹೂಳಬೇಕು. ಜನ ಆಮೆನ್ ಎಂದರು. ಸರ್ಕಾರ ಅದನ್ನೇ ಕಾನೂನು ಮಾಡಿತು.

ಆಮೇಲೆ ಗುಸುಗುಸು ಶುರುವಾಯಿತು. ದಿನಾ ಸಂಜೆ ಪ್ರಾರ್ಥನೆಯ ಶಂಖ ಊದಿ ಎಲ್ಲರೂ ಮನೆಯೊಳಗೆ ಕೂತಿರುವಾಗ ಪ್ರಧಾನಿ ಮಾತ್ರ ಆ ದಾರಿ ಹಿಡಿಯುತ್ತಿದ್ದರು. ಬರುವಾಗ ಮೊಣಕಾಲೆಲ್ಲ ಮರಳು. ಮಂಡಿಯೂರಿ ಪ್ರಾರ್ಥಿಸುತ್ತಾರೆಂದು ಭಕ್ತರು ಕಣ್ಣೊರೆಸಿಕೊಂಡರು. ಲೋಸಳ ನಾದಿನಿ ಮಾಕೆರೆತಾ ಮಾತ್ರ ಕ್ಯಾಕರಿಸಿ ಉಗಿದಳು.

"ಪ್ರಾರ್ಥನೆಯಂತೆ! ಜಾಗ ಅಳೀತಿದಾನೆ ಅತ್ತಿಗೆ. ಬರೋ ವರ್ಷ ಅಲ್ಲಿ ಪರದೇಶದವರ ಹೋಟೆಲ್ ಏಳತ್ತೆ, ನೋಡ್ತಿರು. ನಮ್ಮ ಸೀನಾ ಮೇಲೆ ಈಜುಕೊಳ ಕಟ್ತಾರೆ."

ಆ ಮಾತು ಲೋಸಳ ಎದೆಗೆ ನಾಟಿತು. ಪೆನಿ ತಡೆದ ಆ ದಿನ ಅವಳು ಬಕೆಟ್ಟು ಹಿಡಿದೇ ನೇರವಾಗಿ ಪ್ರಧಾನಿಯ ಮನೆಗೆ ಹೋದಳು. ಅವರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು.

"ದೇವರು ನಿಮಗೊಬ್ರಿಗೇ ಫೋನ್ ಮಾಡ್ತಾನಾ, ಡೀಕನ್ ಅವ್ರೇ?"

"ಮಾಡಿದ್ರೆ ಚೆನ್ನಾಗಿರ್ತಿತ್ತು, ಲೋಸ."

"ನನ್ನ ಮಗಳನ್ನ ನೋಡೋಕೆ ನನಗೆ ನಿಮ್ಮ ಅಪ್ಪಣೆ ಯಾಕೆ ಬೇಕು?"

ಅವರು ಬಕೆಟ್ಟಿನ ಕಡೆ ನೋಡಿದರು. "ಬಕೆಟ್ ಇಲ್ಲೇ ಇಟ್ಟು ಹೋಗಮ್ಮ. ಸುಣ್ಣ ನಾನು ಬಳೀತೀನಿ."

"ಅವಳ ಗೋರಿ ಯಾವುದು ಅಂತ ನಿಮಗೆ ಗೊತ್ತಾ?"

"ಹುಡುಕ್ತೀನಿ."

"ನಿಮ್ಮ ಭಕ್ತಿಗಿಷ್ಟು!" ಎಂದು ಲೋಸ ಬಕೆಟ್ಟು ಎತ್ತಿಕೊಂಡು ಹೊರಟಳು.

ಮರುದಿನ ಸಂಜೆ ಶಂಖ ಮೊಳಗಿತು. ಪೆನಿ ನಿಂತಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ತಲೆ ಬಾಗಿಸಿದ. ಲೋಸ ಕೇದಗೆ ಮುಳ್ಳುಗಳ ಸಂದಿಯಲ್ಲಿ ನುಸುಳಿದಳು. ಅವಳು ಹಿಂತಿರುಗುವಾಗ ಎಲ್ಲರ ಮನೆಯಲ್ಲಿ ಊಟ ಮುಗಿದಿತ್ತು. ಏನಾಯಿತೆಂದು ಮಾಕೆರೆತಾ ಬಾಗಿಲಲ್ಲೇ ಹಿಡಿದುಕೊಂಡು ಕೇಳಿದಳು. ಲೋಸ ಅವಳನ್ನು ಸರಿಸಿ ಒಳಗೆ ಹೋದಳು. ಸೊಂಟದವರೆಗೆ ನೆನೆದಿದ್ದ ಬಟ್ಟೆಯನ್ನೂ ಬದಲಿಸದೆ ಮಲಗಿಬಿಟ್ಟಳು.

ಮುಂದಿನ ವಾರ ಸಭಾಮನೆಯಲ್ಲಿ ಆಜ್ಞೆಯ ಬಗ್ಗೆ ಊರಿನ ಅಹವಾಲು. ಮುಂದುವರಿಸಬೇಕೋ ಬೇಡವೋ ಎಂದು ಅಂದೇ ತೀರ್ಮಾನ. ಮಕ್ಕಳನ್ನು ಕಳೆದುಕೊಂಡ ತಾಯಂದಿರೆಲ್ಲ ಲೋಸಳ ಬೆನ್ನಿಗೆ ನಿಂತಿದ್ದರು. ಅವಳೇ ಮೊದಲು ಮಾತಾಡಬೇಕೆಂದು ಗೊತ್ತುಮಾಡಿದ್ದರು. ಪ್ರಧಾನಿ ತಲೆ ಎತ್ತದೆ ಕೂತಿದ್ದರು.

ಲೋಸ ಎದ್ದಳು.

"ನೆಲ ವಿಶ್ರಾಂತಿ ತಗೋತಿದೆ. ದೇವರ ಮಾತು. ಇನ್ನಷ್ಟು ವರ್ಷ ಯಾರೂ ಅತ್ತ ಹೋಗೋದು ಬೇಡ."

"ಏನು ಕೊಟ್ರೇ ನಿಂಗೆ?" ಮಾಕೆರೆತಾ ಕಿರುಚಿದಳು. "ಮಗಳನ್ನ ಮಾರ್ಕೊಂಡ್ಯಾ?"

ಲೋಸ ತನ್ನ ಜಾಗದಲ್ಲಿ ಕೂತಳು. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಕೂತರು. ಆಜ್ಞೆ ಮುಂದುವರಿಯಿತು. ಮಾಕೆರೆತಾ ಬದುಕಿರುವ ತನಕ ಅತ್ತಿಗೆಯ ಕೈಯಿಂದ ಒಂದು ತುತ್ತು ತಿನ್ನಲಿಲ್ಲ.

ಲೋಸ ತನ್ನ ಕೊನೆಗಾಲದಲ್ಲಿ ನನಗೆ ಹೇಳಿದ್ದು ಇಷ್ಟು: ಕೇದಗೆಯ ಆಚೆ ಸ್ಮಶಾನವೇ ಇರಲಿಲ್ಲ. ಬಿರುಗಾಳಿಯ ದಿನ ಸಮುದ್ರ ಅದನ್ನು ಪೂರ್ತಿ ಕೊಚ್ಚಿಕೊಂಡು ಹೋಗಿತ್ತು. ಆ ಸಂಜೆ ಅಲ್ಲಿ ಮಂಡಿಯೂರಿದ್ದ ಪ್ರಧಾನಿ ಹವಳದ ಸಂದುಗಳಲ್ಲಿ ಕೈಯಾಡಿಸಿ ಒಂದು ಸಣ್ಣ ಮೂಳೆ ತೆಗೆದರು, ಅದನ್ನು ಬಟ್ಟೆಯಲ್ಲಿ ಸುತ್ತುತ್ತ ಅವಳನ್ನು ನೋಡಿ, "ಇದು ನಿನ್ನ ಮಗುವಿನದು ಅಂತ ಯಾವ ತಾಯಿಗೆ ಹೇಳ್ಲಿ? ನೀನೇ ಹೇಳಮ್ಮ" ಎಂದರು.

ಅದು ಸೀನಾಳದೋ ಅಲ್ಲವೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಗೊತ್ತಿಲ್ಲ.